ಉಳ್ಳಾಲದ ಒಂದು ಗಿಟಾರು: ಎದ್ದ ತಂತಿ, ಬಿಗಿದ ಟ್ರಸ್ ರಾಡ್

ಕರಾವಳಿಯಲ್ಲಿ ಜುಲೈ ಬಂತೆಂದರೆ ಅಕೂಸ್ಟಿಕ್ ಗಿಟಾರ್ ಇಟ್ಟುಕೊಂಡವರದ್ದು ಒಂದೇ ದೂರು. ತಂತಿ ಎದ್ದಿದೆ, ಒತ್ತಲಿಕ್ಕೆ ಕಷ್ಟ. ಕೂಡಲೇ ಮನೆಯಲ್ಲಿ ಯಾರಾದರೂ ಅಲೆನ್ ಕೀ (ಆರು ಮೂಲೆಯ ಕೀ) ಹುಡುಕಲು ಶುರು ಮಾಡುತ್ತಾರೆ. ನೆಕ್ಕಿನ, ಅಂದರೆ ಗಿಟಾರಿನ ಉದ್ದ ಕತ್ತಿನ, ಒಳಗಿರುವ ಟ್ರಸ್ ರಾಡ್ ಎಂಬ ಲೋಹದ ಕಡ್ಡಿ ತಿರುಗಿಸಿದರೆ ತಂತಿ ಇಳಿಯುತ್ತದೆ ಅಂತ ಎಲ್ಲೋ ಕೇಳಿರುತ್ತಾರೆ. ಇಳಿಯುತ್ತದೆ, ಸುಳ್ಳಲ್ಲ. ಆದರೆ ಎಷ್ಟು ಇಳಿಯುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಈ ಪ್ರಕರಣ ಪೂರ್ತಿ ನಿಂತಿರುವುದು ಆ ಲೆಕ್ಕದ ಮೇಲೆ.

ಗಿಟಾರು ಆರು ತಂತಿಯ ಡ್ರೆಡ್‌ನಾಟ್. ಟಾಪ್, ಅಂದರೆ ಮುಂಭಾಗದ ಹಲಗೆ, ಒಂದೇ ಪದರದ ಗಟ್ಟಿ ಸ್ಪ್ರೂಸ್ ಮರದ್ದು, ಬದಿ ಮತ್ತು ಹಿಂಭಾಗ ಪ್ಲೈ. ಮಧ್ಯಮ ಬೆಲೆಯದ್ದು, ಕೆಲವು ವರ್ಷ ಹಳೆಯದ್ದು. ಕಂಪನಿಯ ಹೆಸರು ಇಲ್ಲಿ ಮುಖ್ಯ ಅಲ್ಲ. ಒಡೆಯ ಉಳ್ಳಾಲದ ಕಡೆಯ ಕಾಲೇಜು ಹುಡುಗ, ಚರ್ಚಿನ ಕ್ವಾಯರ್‌ನಲ್ಲಿ ಬಾರಿಸುತ್ತಾನೆ. ಮನೆ ಕಡಲಿಗೆ ಹತ್ತಿರ. ಗಿಟಾರು ವರ್ಷವಿಡೀ ಕಿಟಕಿ ಪಕ್ಕದ ಗೋಡೆಯಲ್ಲಿ ನೇತಾಡುತ್ತಿತ್ತು.

ಅವನು ರಿಪೇರಿಗೆ ಅಂತ ನನ್ನಲ್ಲಿ ತಂದದ್ದು ಆಗಸ್ಟಿನಲ್ಲಿ. "ಅಣ್ಣ, ಬಾರೆ ಕಾರ್ಡ್ ಹಿಡಿಲಿಕ್ಕೇ ಆಗುದಿಲ್ಲ. ತಲೆ ಕಡೆ ಬಾರಿಸಿದ್ರೆ ಎಂತದೋ ಜರ್ ಜರ್ ಅಂತದೆ. ಮೊಂತಿ ಫೆಸ್ಟಿಗೆ ಮುಂಚೆ ಸಿಗ್ಬೇಕು." ಬಾರೆ ಕಾರ್ಡ್ ಅಂದರೆ ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತಿ ಹಿಡಿಯುವುದು. ಮೊಂತಿ ಫೆಸ್ಟ್ ಅಂದರೆ ಕರಾವಳಿಯ ಕ್ಯಾಥೊಲಿಕರ ಮೇರಿ ಮಾತೆಯ ಹುಟ್ಟುಹಬ್ಬ, ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮೊದಲು ಒಂಬತ್ತು ದಿನದ ನೊವೆನಾ ಪ್ರಾರ್ಥನೆ, ಅಂದರೆ ಆಗಸ್ಟ್ 30ರಿಂದಲೇ ದಿನಾ ಹಾಡು.

ಅವನು ಹೇಳಿದ ಎರಡು ದೂರುಗಳು ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಕಿವಿ ನೆಟ್ಟಗಾದದ್ದು ಅಲ್ಲಿ. ತಂತಿ ಎತ್ತರ ಇದ್ದರೆ ಫ್ರೆಟ್‌ಗೆ, ಅಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ, ತಾಗುವುದಿಲ್ಲ, ಜರ್ ಅನ್ನುವ ಸದ್ದೂ ಬರಬಾರದು. ಇಲ್ಲಿ ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಆಕಾಶದಲ್ಲಿತ್ತು. ಆದರೂ ಮೊದಲ ಎರಡು ಮೂರು ಫ್ರೆಟ್‌ಗಳಲ್ಲಿ ಒತ್ತಿದರೆ ಸದ್ದು ಬರುತ್ತಿತ್ತು. ಇವೆರಡೂ ಒಟ್ಟಿಗೆ ಬಂದರೆ ನೆಕ್ ಹಿಂದಕ್ಕೆ ಬಾಗಿದೆ ಅಂತ ಅನುಮಾನ ಪಡಬೇಕು. ನೆಕ್ ತನ್ನಷ್ಟಕ್ಕೆ ಹಿಂದಕ್ಕೆ ಬಾಗುವುದು ಅಪರೂಪ. ಸಾಮಾನ್ಯವಾಗಿ ಯಾರೋ ಬಗ್ಗಿಸಿರುತ್ತಾರೆ.

"ರಾಡ್ ಯಾರಾದ್ರೂ ತಿರುಗಿಸಿದ್ರಾ ಮಾರಾಯ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ದುಬಾಯಿಯಿಂದ ರಜೆಗೆ ಬಂದಿದ್ದ ಮಾವ ಎಸಿ ಕೆಲಸದವರು. ತಮ್ಮ ಟೂಲ್ ಕಿಟ್‌ನಲ್ಲಿದ್ದ ಅಲೆನ್ ಕೀ ಹಾಕಿ ತಿರುಗಿಸಿದ್ದರು. ಮೊದಲು ಸ್ವಲ್ಪ ಇಳಿಯಿತಂತೆ. ಹಾಗಾಗಿ ಇನ್ನೂ ತಿರುಗಿಸಿದರು. ಆಮೇಲೆ ಕೀ ಜಾರಲು ಶುರುವಾಯಿತು. ಬಿಟ್ಟರು.

ಅಳತೆ ಏನು ಹೇಳಿತು

ಮೊದಲು ಗಿಟಾರನ್ನು ಸರಿಯಾಗಿ ಟ್ಯೂನ್ ಮಾಡಿಯೇ ಅಳೆಯಬೇಕು. ತಂತಿಯ ಎಳೆತ ಇಲ್ಲದೆ ತೆಗೆದ ಅಳತೆಗೆ ಅರ್ಥವಿಲ್ಲ. ಅವನು ಹಾಕಿದ್ದು 12ರ ಸೆಟ್, ಅಂದರೆ ಅತಿ ಸಣ್ಣ ತಂತಿ 0.012 ಇಂಚು ದಪ್ಪ. ಆರೂ ತಂತಿ ಸೇರಿ ನೆಕ್ಕನ್ನು ಎಳೆಯುವ ಬಲ 70 ಕಿಲೋಗಿಂತ ಜಾಸ್ತಿ. ನೆಕ್ಕಿನ ಒಳಗೆ ಕಬ್ಬಿಣದ ರಾಡ್ ಇರುವುದು ಈ ಎಳೆತಕ್ಕೆ ಎದುರಾಗಿ ನಿಲ್ಲಲು.

ನೆಕ್ ಪೂರ್ತಿ ನೇರ ಇರಬಾರದು. ಮಿಡಿದ ತಂತಿ ಅಗಲವಾಗಿ ಅಲುಗಾಡುತ್ತದೆ, ಅದಕ್ಕೆ ಜಾಗ ಬೇಕು. ಹಾಗಾಗಿ ನೆಕ್ಕಿನ ನಡುಭಾಗ ಕೂದಲೆಳೆಯಷ್ಟು ತಗ್ಗಿರಬೇಕು. ಇದಕ್ಕೆ ರಿಲೀಫ್ ಅನ್ನುತ್ತಾರೆ. ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ. ನೆಕ್ ಬಾಡಿಗೆ ಸೇರುವ ಹದಿನಾಲ್ಕನೇ ಫ್ರೆಟ್ ಹತ್ತಿರ ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ಏಳನೇ ಫ್ರೆಟ್‌ನ ತಲೆಗೂ ತಂತಿಗೂ ನಡುವೆ ಎಷ್ಟು ಸಂದು ಇದೆ ನೋಡಿ. 0.1ರಿಂದ 0.3 ಮಿಲಿಮೀಟರ್ ಒಳಗೆ ಇದ್ದರೆ ಸರಿ. ಅಳೆಯಲಿಕ್ಕೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜ್ ಸಾಕು. ಗಿಟಾರಿಗೇ ಅಂತ ಮಾಡಿದ ದುಬಾರಿ ಗೇಜ್ ಬೇಕಿಲ್ಲ.

ಇಲ್ಲಿ ಸಂದೇ ಇರಲಿಲ್ಲ. ತಂತಿ ಏಳನೇ ಫ್ರೆಟ್ ಮೇಲೆ ಮಲಗಿತ್ತು. ಉಕ್ಕಿನ ನೇರ ಪಟ್ಟಿಯನ್ನು, ಅಂದರೆ ಸ್ಟ್ರೇಟ್‌ಎಡ್ಜನ್ನು, ಫ್ರೆಟ್‌ಗಳ ಮೇಲೆ ಇಟ್ಟೆ. ಅದು ನಡುವಿನ ಫ್ರೆಟ್‌ಗಳ ಮೇಲೆ ಕೂತು ಆಚೆ ಈಚೆ ತೂಗಾಡಿತು. ಎರಡೂ ತುದಿಯಲ್ಲಿ ಸಂದು ಕಾಣುತ್ತಿತ್ತು. ನೆಕ್ ಹಿಂದಕ್ಕೆ ಬಾಗಿದ್ದು ಖಾತ್ರಿ.

ಇನ್ನು ಆಕ್ಷನ್, ಅಂದರೆ ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯ ಎತ್ತರ. ದಪ್ಪ ತಂತಿಗೆ 3.3 ಮಿಲಿಮೀಟರ್. ಇಂಥ ಗಿಟಾರಿಗೆ ಎರಡೂವರೆಯ ಆಚೀಚೆ ಇದ್ದರೆ ಕೈಗೆ ಹಿತ. ನೆಕ್ ಹಿಂದಕ್ಕೆ ಬಾಗಿದ್ದರೂ ಇಷ್ಟು ಎತ್ತರ ಅಂದರೆ ತಪ್ಪು ಬೇರೆ ಕಡೆ ಇದೆ ಅಂತಲೇ.

ಸ್ಟ್ರೇಟ್‌ಎಡ್ಜನ್ನು ಫ್ರೆಟ್‌ಗಳ ಮೇಲೆಯೇ ಬ್ರಿಜ್‌ವರೆಗೆ, ಅಂದರೆ ಟಾಪ್ ಮೇಲೆ ತಂತಿಗಳನ್ನು ಕಟ್ಟಿದ ಮರದ ತುಂಡಿನವರೆಗೆ, ಜಾರಿಸಿದೆ. ನೆಕ್ಕಿನ ಕೋನ ಸರಿ ಇದ್ದರೆ ಅದರ ತುದಿ ಬ್ರಿಜ್‌ನ ಮೇಲ್ಭಾಗವನ್ನು ಮುಟ್ಟುತ್ತದೆ, ಅಥವಾ ಒಂದಿಷ್ಟು ಮೇಲಿರುತ್ತದೆ. ಇಲ್ಲಿ ಬ್ರಿಜ್‌ನ ಬದಿಗೆ ಹೋಗಿ ಡಿಕ್ಕಿ ಹೊಡೆಯಿತು, ಮೇಲ್ಭಾಗಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ಕೆಳಗೆ. ಬ್ರಿಜ್ ಎದ್ದಿದೆ. ಬ್ರಿಜ್ ಯಾಕೆ ಏಳುತ್ತದೆ? ಅದು ಕೂತಿರುವ ಟಾಪ್ ಉಬ್ಬಿದೆ, ಅದಕ್ಕೆ. ಬ್ರಿಜ್‌ನ ಹಿಂದೆ ಅಡ್ಡಕ್ಕೆ ಸ್ಕೇಲ್ ಇಟ್ಟರೆ ಹೊಟ್ಟೆ ಎದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಸ್ವಲ್ಪ ಉಬ್ಬು ಎಲ್ಲ ಸ್ಟೀಲ್ ತಂತಿಯ ಗಿಟಾರಿಗೂ ಇರುತ್ತದೆ, ಅನೇಕರು ಟಾಪನ್ನು ಕಟ್ಟುವಾಗಲೇ ಹಾಗೆ ಕಟ್ಟುತ್ತಾರೆ. ಇದು ಅದಕ್ಕಿಂತ ಜಾಸ್ತಿ.

ಮನೆಯಲ್ಲಿ ಗಿಟಾರು ನೇತಾಡುತ್ತಿದ್ದ ಜಾಗದಲ್ಲೇ ತೇವ ಅಳೆಯುವ ಹೈಗ್ರೋಮೀಟರ್ ಇಟ್ಟು ನೋಡಲು ಅವನಿಗೆ ಹೇಳಿದ್ದೆ. 86 ಶೇಕಡಾ ಅಂತ ಫೋಟೋ ಕಳಿಸಿದ. ಹೆಚ್ಚಿನ ಗಿಟಾರ್ ತಯಾರಕರು ಹೇಳುವುದು 45ರಿಂದ 55 ಶೇಕಡಾ ತೇವ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಅಂಕಿ ಕನಸಿನಲ್ಲೂ ಸಿಗುವುದಿಲ್ಲ. ಮಳೆಗಾಲದಲ್ಲಿ ಹಳೆ ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಕಿರಿಕಿರಿ ಮಾಡುತ್ತದಲ್ಲ, ಇಲ್ಲೂ ಅದೇ ಆಗುತ್ತದೆ. ಮರ ತೇವ ಕುಡಿದು ಅಡ್ಡಕ್ಕೆ ಅಗಲ ಆಗುತ್ತದೆ. ಬಾಗಿಲನ್ನಾದರೆ ಉಜ್ಜೋಣ. ಗಿಟಾರಿನ ಟಾಪ್ ಸುತ್ತಲೂ ಅಂಟಿಕೊಂಡಿದೆ, ಅಗಲ ಆಗಲು ಜಾಗ ಇಲ್ಲ. ಹಾಗಾಗಿ ಮೇಲಕ್ಕೆ ಏಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಬ್ರಿಜ್ ಒಂದೂವರೆ ಮಿಲಿಮೀಟರ್ ಎದ್ದರೆ ಹನ್ನೆರಡನೇ ಫ್ರೆಟ್‌ನಲ್ಲಿ ಅದರ ಅರ್ಧ, ಅಂದರೆ ಮುಕ್ಕಾಲು ಮಿಲಿಮೀಟರ್ ಏರುತ್ತದೆ. ಹನ್ನೆರಡನೇ ಫ್ರೆಟ್ ತಂತಿಯ ಸರಿ ನಡುವೆ ಇರುವುದರಿಂದ ಹೀಗೆ. ಅದೇ ಟ್ರಸ್ ರಾಡ್‌ನ ಕೈಯಲ್ಲಿ ಇರುವುದೆಷ್ಟು? ಆರೋಗ್ಯವಂತ ನೆಕ್ಕಿನ ರಿಲೀಫೇ ಹೆಚ್ಚೆಂದರೆ 0.3. ಅದನ್ನು ಪೂರ್ತಿ ತೆಗೆದು ಸೊನ್ನೆ ಮಾಡಿದರೂ ಹನ್ನೆರಡನೇ ಫ್ರೆಟ್‌ನಲ್ಲಿ ಇಳಿಯುವುದು ಅದಕ್ಕಿಂತ ಕಡಿಮೆ. ಟಾಪ್ ಕೊಟ್ಟ ಮುಕ್ಕಾಲು ಮಿಲಿಮೀಟರನ್ನು ರಾಡ್‌ನಿಂದ ವಾಪಸ್ ಪಡೆಯಲು ಹೊರಟರೆ ನೆಕ್ ಹಿಂದಕ್ಕೆ ಬಾಗುವುದೇ ಸೈ. ಮಾವ ಮಾಡಿದ್ದು ಅದನ್ನೇ. ಮೊದಲ ಸುತ್ತಿಗೆ ಸ್ವಲ್ಪ ಇಳಿದದ್ದು ನಿಜ. ಆ "ಸ್ವಲ್ಪ"ವೇ ಅವರನ್ನು ಮುಂದಕ್ಕೆ ಎಳೆಯಿತು.

ಹೊಂದಿಸಬಹುದಾದ ರಾಡ್‌ಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಮಾರ್ಟಿನ್ ಕಂಪನಿ 1985ರವರೆಗೆ ಇಂಥ ರಾಡನ್ನೇ ಹಾಕಲಿಲ್ಲ, ನೆಕ್ಕಿಗೆ ಅಲುಗದ ಆಧಾರ ಕೊಟ್ಟು ಸುಮ್ಮನಾಗಿತ್ತು. ಆಗಲೂ ಜನ ಆ ಗಿಟಾರುಗಳ ಆಕ್ಷನ್ ಹೊಂದಿಸುತ್ತಿದ್ದರು, ಬ್ರಿಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿಯಿಂದ, ಅಂದರೆ ಸ್ಯಾಡಲ್‌ನಿಂದ. ರಾಡ್ ಇರುವುದು ನೆಕ್ಕಿಗೆ, ಆಕ್ಷನ್‌ಗಲ್ಲ.

ಜಾರಿದ ಕೀ, ಕಚ್ಚಿಕೊಂಡ ನಟ್

ರೋಗ ಗೊತ್ತಾಯಿತು. ಟಾಪ್ ಒಣಗಿಸುವುದು ನಿಧಾನದ ಕೆಲಸ, ಸುಲಭದ್ದು. ಕಷ್ಟ ಇದ್ದದ್ದು ರಾಡ್ ಸಡಿಲಿಸುವುದರಲ್ಲಿ.

ಈ ಗಿಟಾರಿನಲ್ಲಿ ರಾಡಿನ ನಟ್ ಇರುವುದು ಸೌಂಡ್‌ಹೋಲ್, ಅಂದರೆ ಟಾಪಿನ ದುಂಡು ತೂತಿನ, ಒಳಗೆ, ನೆಕ್ ಸೇರುವ ಕಡೆ. ಸಣ್ಣ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದೆ. ನಟ್‌ನ ಬಾಯಿ ಕಂದು ಬಣ್ಣ. ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ಆರು ಮೂಲೆಗಳಲ್ಲಿ ಅರ್ಧ ಸವೆದು ದುಂಡಾಗಿದ್ದವು. ಕಾರಣವೂ ಅಲ್ಲೇ ಸಿಕ್ಕಿತು. ನಟ್ 5 ಮಿಲಿಮೀಟರ್ ಕೀಯದ್ದು. ಮಾವನ ಕಿಟ್‌ನಲ್ಲಿದ್ದದ್ದು ಇಂಚಿನ ಕೀ, 3/16 ಇಂಚು. ಅಂದರೆ 4.76 ಮಿಲಿಮೀಟರ್. ಕೈಗೆ ಸರಿಯಾಗಿ ಕೂತ ಹಾಗೆ ಅನಿಸುತ್ತದೆ, ಬಲ ಬಿದ್ದಾಗ ಜಾರುತ್ತದೆ. ಹೀಗೆ ಹಾಳಾದ ನಟ್‌ಗಳು ಬೇಕಾದಷ್ಟು ಬರುತ್ತವೆ. ಕೀ ಹಾಕಿದಾಗ ಕೂದಲಿನಷ್ಟು ಅಲ್ಲಾಡಿದರೂ ತಿರುಗಿಸಬೇಡಿ.

ಈ ಹಂತದಲ್ಲಿ ತಂತಿ ಪೂರ್ತಿ ಸಡಿಲ ಮಾಡಿ ದಿನಗಟ್ಟಲೆ ಬಿಡುವುದು ನನಗೆ ಇಷ್ಟ ಇರಲಿಲ್ಲ. ರಾಡ್ ಬಿಗಿ ಇದೆ, ತಂತಿಯ ಎಳೆತವೂ ಇಲ್ಲದಿದ್ದರೆ ನೆಕ್ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲೇ ಕೂತರೆ ಮತ್ತೆ ಎಳೆಯುವುದು ಕಷ್ಟ. ಹಾಗಾಗಿ ಅರ್ಧ ಎಳೆತದಲ್ಲಿ ಇಟ್ಟು ಎಣ್ಣೆಯ ಕೆಲಸ ಶುರು ಮಾಡಿದೆ.

ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿಯನ್ನು ಸೌಂಡ್‌ಹೋಲ್ ಒಳಗೆ ಸ್ಪ್ರೇ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ಕುಡಿದ ಮರಕ್ಕೆ ಮುಂದೆ ಅಂಟು ಹಿಡಿಯುವುದಿಲ್ಲ. ಗಿಟಾರನ್ನು ತಲೆ ಮೇಲಕ್ಕೆ ಬರುವ ಹಾಗೆ ನಿಲ್ಲಿಸಿದೆ, ಎಣ್ಣೆ ನೆಕ್ಕಿನ ಒಳಕ್ಕೆ ಹರಿಯಬಾರದು ಅಂತ. ನಟ್‌ನ ಕೆಳಗೆ ಹತ್ತಿ. ಸಿರಿಂಜ್ ಸೂಜಿಯಿಂದ ನಟ್‌ನ ಅಂಚಿಗೆ ಒಂದೊಂದೇ ಹನಿ. ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ. ನಟ್‌ನ ಎಳೆಯ (ಥ್ರೆಡ್) ಸಂದಿನಲ್ಲಿ ಎಣ್ಣೆ ತಾನಾಗಿಯೇ ಏರುತ್ತದೆ, ಸಮಯ ಕೊಡಬೇಕು ಅಷ್ಟೆ.

ಕೀ ಹೊಸದು ತಂದೆ, ಉದ್ದ ಕಾಲಿನದ್ದು. ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅಲೆನ್ ಕೀಯ ತುದಿಯ ಅಂಚು ಸ್ವಲ್ಪ ಓರೆ ಇರುತ್ತದೆ, ಸುಲಭವಾಗಿ ಒಳಗೆ ಹೋಗಲಿ ಅಂತ. ಮೂಲೆ ಸವೆದ ನಟ್‌ಗೆ ಆ ಓರೆ ಭಾಗ ನಷ್ಟ. ಗ್ರೈಂಡರ್‌ನಲ್ಲಿ ತುದಿಯನ್ನು ಚಪ್ಪಟೆ ಮಾಡಿದೆ. ನಟ್‌ನ ಬಾಯಿಯ ತುಕ್ಕಿನ ಪುಡಿಯನ್ನು ದಬ್ಬಣದಿಂದ ಕೆರೆದು ತೆಗೆದೆ. ಕೀ ಈಗ ತಳದವರೆಗೆ ಹೋಯಿತು. ತಳದಲ್ಲಿ ಮೂಲೆಗಳು ಇನ್ನೂ ಬದುಕಿದ್ದವು.

ನಂತರ ತಂತಿ ಪೂರ್ತಿ ಸಡಿಲಿಸಿದೆ. ಫ್ರೆಟ್‌ಬೋರ್ಡಿನ ಎರಡು ತುದಿಗೆ ಬಟ್ಟೆ ಸುತ್ತಿದ ಮರದ ತುಂಡು, ಅವುಗಳ ಮೇಲೆ ಉದ್ದಕ್ಕೆ ಕಬ್ಬಿಣದ ಪಟ್ಟಿ, ನಡುವೆ ಒಂದು ಕ್ಲಾಂಪ್. ಕ್ಲಾಂಪ್ ಬಿಗಿದರೆ ನೆಕ್ಕಿನ ನಡುಭಾಗ ಪಟ್ಟಿಯ ಕಡೆಗೆ ಏಳುತ್ತದೆ. ಅಂದರೆ ನೆಕ್ಕನ್ನು ಇನ್ನೂ ಸ್ವಲ್ಪ ಹಿಂದಕ್ಕೇ ಬಗ್ಗಿಸುವುದು. ಕೇಳಲು ಉಲ್ಟಾ ಅನಿಸುತ್ತದೆ, ಅಲ್ವಾ? ನೆಕ್ಕನ್ನು ಹಿಂದಕ್ಕೆ ಹಿಡಿದಿರುವುದು ರಾಡ್. ಆ ಕೆಲಸವನ್ನು ಕ್ಲಾಂಪ್ ತೆಗೆದುಕೊಂಡರೆ ರಾಡಿನ ಮೇಲಿನ ಭಾರ ಇಳಿಯುತ್ತದೆ, ನಟ್ ತಿರುಗಲು ಒಪ್ಪುತ್ತದೆ. ಬಿಗಿದದ್ದು ತೀರಾ ಸ್ವಲ್ಪವೇ.

ಆದರೂ ನಟ್ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಸೋಲ್ಡರಿಂಗ್ ಐರನ್ನಿನ ಬಿಸಿ ತುದಿಯನ್ನು ನಟ್‌ನ ಬಾಯೊಳಗೆ ಸ್ವಲ್ಪ ಹೊತ್ತು ಹಿಡಿದೆ. ಬಿಸಿಗೆ ಲೋಹ ಹಿಗ್ಗಿ ತುಕ್ಕಿನ ಹಿಡಿತ ಬಿರಿಯುತ್ತದೆ. ಜಾಸ್ತಿ ಹಿಡಿಯಬಾರದು, ಅಕ್ಕಪಕ್ಕದ ಅಂಟು ಮೆತ್ತಗಾಗುತ್ತದೆ. ಆರಿದ ಮೇಲೆ ಕೀ ಹಾಕಿ ಸಡಿಲಿಸುವ ಕಡೆಗೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಒತ್ತಿದೆ. ಬೇರೆ ಬೋಲ್ಟ್‌ಗಳಿಗೆ ಮಾಡುವ ಹಾಗೆ ಆಚೆ ಒಮ್ಮೆ ಈಚೆ ಒಮ್ಮೆ ಆಡಿಸಬಾರದು. ಮೊದಲೇ ಅತಿಯಾಗಿ ಬಿಗಿದ ರಾಡನ್ನು ಇನ್ನೊಂದಿಷ್ಟು ಬಿಗಿದರೆ ತುಂಡಾಗಬಹುದು. ರಾಡ್ ತುಂಡಾದರೆ ಫ್ರೆಟ್‌ಬೋರ್ಡ್ ಕಿತ್ತು ಹೊಸದು ಕೂರಿಸಬೇಕು. ಆ ಖರ್ಚು ಈ ಗಿಟಾರಿನ ಬೆಲೆಗೆ ಹೊಂದುವುದಿಲ್ಲ.

"ಟಕ್" ಅಂತ ಸದ್ದಾಯಿತು. ತುಕ್ಕು ಬಿಟ್ಟರೂ ಇದೇ ಸದ್ದು, ರಾಡ್ ಮುರಿದರೂ ಇದೇ ಸದ್ದು. ಪಕ್ಕದಲ್ಲಿ ಕೂತಿದ್ದ ಹುಡುಗನ ಮುಖ ಬಿಳಿಚಿತು. ಕೀಯನ್ನು ಇನ್ನೂ ಸ್ವಲ್ಪ ತಿರುಗಿಸಿದೆ. ಒಂದೇ ಹದದ ಬಿಗಿ ಕೈಗೆ ಸಿಗುತ್ತಿತ್ತು, ನಟ್ ಎಳೆಯ ಮೇಲೆ ಹೊರಗೆ ಬರುತ್ತಿತ್ತು. ಮುರಿದಿದ್ದರೆ ಕೀ ಸುಮ್ನೆ ಗಿರಗಿರ ತಿರುಗುತ್ತಿತ್ತು. ಕ್ಲಾಂಪ್ ತೆಗೆದು ಸ್ಟ್ರೇಟ್‌ಎಡ್ಜ್ ಇಟ್ಟರೆ ನೆಕ್ ನೇರವಾಗುವ ಕಡೆಗೆ ಬಂದಿತ್ತು.

ಪೂರ್ತಿ ಸಡಿಲಿಸಿದಾಗ ನಟ್ ಕಳಚಿ ಕೈಗೆ ಬಂತು. ಅಂದರೆ ಇದು ಒಂದೇ ಕಡೆಗೆ ಕೆಲಸ ಮಾಡುವ ಹಳೆ ಮಾದರಿಯ ರಾಡ್. ಎರಡೂ ಕಡೆಗೆ ಬಗ್ಗಿಸುವ ಡಬಲ್ ಆಕ್ಷನ್ ರಾಡ್‌ಗಳಲ್ಲಿ ಹೆಚ್ಚಾಗಿ ನಟ್ ರಾಡಿಗೇ ಬೆಸೆದಿರುತ್ತದೆ, ಹೊರಗೆ ಬರುವುದಿಲ್ಲ. ಇಲ್ಲಿ ಅದೃಷ್ಟ ನಮ್ಮ ಕಡೆ ಇತ್ತು. ಬಾಯಿ ಸವೆದ ನಟ್ಟನ್ನು ಮತ್ತೆ ಹಾಕುವ ಪ್ರಶ್ನೆಯೇ ಇಲ್ಲ.

ಅದೇ ನಟ್ ಅಂಗಡಿಯಲ್ಲಿ ಸಿಗುವುದಿಲ್ಲ. ಬೈಕಂಪಾಡಿಯಲ್ಲಿ ನನಗೆ ಗೊತ್ತಿರುವ ಒಂದು ಲೇತ್ ಇದೆ. ಸ್ಟೇನ್‌ಲೆಸ್ ಸ್ಟೀಲಿನ 8 ಮಿಲಿಮೀಟರ್ ಅಲೆನ್ ಬೋಲ್ಟ್ ತೆಗೆದುಕೊಂಡು ಹೋದೆ. ತಲೆಯ ಸುತ್ತಳತೆ ಹಳೆ ನಟ್‌ನಷ್ಟಕ್ಕೆ ಇಳಿಸಿ, ಬಾಲ ಗಿಡ್ಡ ಮಾಡಿ, ಹಿಂದಿನಿಂದ ತೂತು ಕೊರೆದು ರಾಡಿಗೆ ಹೊಂದುವ 5 ಮಿಲಿಮೀಟರ್ ಎಳೆ ಹಾಕಿಸಿದೆ. ಲೇತಿನವರಿಗೆ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಗಿಟಾರಿನದ್ದು ಅಂದಾಗ ಅವರು ನಂಬಲಿಲ್ಲ. "ಇದ್ರೊಳಗೆ ಕಬ್ಬಿಣ ಎಂತಕ್ಕೆ?" ಅಂದರು. ಆ ಗಾತ್ರದ ಬೋಲ್ಟ್‌ನ ಬಾಯಿ 6 ಮಿಲಿಮೀಟರ್ ಕೀಯದ್ದು, ಇನ್ನು ಮುಂದೆ ಈ ಗಿಟಾರಿಗೆ ಅದೇ ಕೀ. ರಾಡಿನ ಎಳೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಗ್ರೀಸ್ ಸವರಿ, ವಾಷರ್ ಇಟ್ಟು ಹೊಸ ನಟ್ ಹಾಕಿದೆ. ಬಿಗಿಯಲಿಲ್ಲ, ಕೈಗೆ ತಾಗುವಷ್ಟು ಮಾತ್ರ.

ಒಣಗಿಸಿದ್ದು, ಹೊಂದಿಸಿದ್ದು

ಗಿಟಾರು ಒಣಗಿಸುವುದು ಅಂದರೆ ಬಿಸಿಲಿಗೆ ಇಡುವುದಲ್ಲ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದೂ ಅಲ್ಲ, ಆ ಸಲಹೆ ಕೊಟ್ಟವರೂ ಇದ್ದಾರೆ. ನನ್ನ ಸಣ್ಣ ಕೋಣೆಯ ಬಾಗಿಲು ಮುಚ್ಚಿ ಡಿಹ್ಯುಮಿಡಿಫೈಯರ್ ಹಾಕಿದರೆ ತೇವ 55ಕ್ಕೆ ಬರುತ್ತದೆ. ಒಮ್ಮೆಲೇ ಇಳಿಸದೆ ದಿನಕ್ಕೆ ಸ್ವಲ್ಪ ಇಳಿಸಿದೆ. ಬೇಗ ಒಣಗಿದ ಮರ ಸೀಳುತ್ತದೆ. ತಂತಿಯನ್ನು ಪೂರ್ತಿ ಟ್ಯೂನ್‌ಗೆ ಎಳೆದೇ ಇಟ್ಟೆ. ರಾಡ್ ಸಡಿಲ ಇರುವುದರಿಂದ ಹಿಂದಕ್ಕೆ ಬಾಗಿದ್ದ ನೆಕ್ಕನ್ನು ತಂತಿಯೇ ಮುಂದಕ್ಕೆ ಎಳೆಯಲಿ ಅಂತ.

ಟಾಪ್ ಇಳಿದ ಮೇಲೆ ಸ್ಟ್ರೇಟ್‌ಎಡ್ಜ್ ಬ್ರಿಜ್‌ನ ತಲೆಯನ್ನು ಸವರಿಕೊಂಡು ಹೋಯಿತು. ಆಗ ರಾಡನ್ನು ಹೊಂದಿಸಿದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಸುತ್ತಿನ ಎಂಟನೇ ಒಂದು ಭಾಗ, ಮತ್ತೆ ಟ್ಯೂನ್, ಮತ್ತೆ ಅಳತೆ. ನೆಕ್ ಕೂರಲು ಹೊತ್ತು ಬೇಕು, ಆತುರಕ್ಕೆ ಮತ್ತೊಂದು ಸುತ್ತು ಕೊಡಬಾರದು. ರಿಲೀಫ್ 0.2ಕ್ಕೆ ನಿಂತಿತು. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿ 2.7, ಸಣ್ಣದು 2.1. ಜರ್ ಸದ್ದು ಹೋಯಿತು. ಸ್ಯಾಡಲ್ ಮುಟ್ಟಿಲ್ಲ, ಫ್ರೆಟ್ ಮುಟ್ಟಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಅರ್ಧ ಕೆಲಸ. ಈ ಗಿಟಾರು ವಾಪಸ್ ಹೋಗುವುದು ಉಳ್ಳಾಲದ ಅದೇ ಮನೆಗೆ, ಕಿಟಕಿ ತೆರೆದಿಟ್ಟ ಚರ್ಚಿಗೆ. ಟಾಪ್ ಮತ್ತೆ ಏಳುತ್ತದೆ, ತಪ್ಪಿಸಲು ಆಗುವುದಿಲ್ಲ. "ಹಾಗಾದ್ರೆ ಸ್ಯಾಡಲ್ ಈಗ್ಲೇ ಉಜ್ಜಿ ಕೊಡಿ ಅಣ್ಣ" ಅಂದ. ನಾನು ಒಪ್ಪಲಿಲ್ಲ. ಮಳೆಗಾಲದ ಎತ್ತರಕ್ಕೆ ಸ್ಯಾಡಲ್ ಉಜ್ಜಿದರೆ ಬೇಸಿಗೆಯಲ್ಲಿ ಟಾಪ್ ಇಳಿದಾಗ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಉಜ್ಜಿದ್ದನ್ನು ಮತ್ತೆ ಬೆಳೆಸಲು ಬರುವುದಿಲ್ಲ. ಅದರ ಮೇಲೆ, ಓದು ಮುಗಿಸಿ ಬೆಂಗಳೂರಿಗೆ ಹೋಗುವ ಯೋಚನೆ ಅವನದ್ದು. ಅಲ್ಲಿನ ಮಾರ್ಚ್ ತಿಂಗಳ ಒಣಹವೆ ಗಿಟಾರಿಗೆ ಬೇರೆಯದೇ ಲೋಕ.

ಹಾಗಾಗಿ ಎಲುಬಿನ ಇನ್ನೊಂದು ಸ್ಯಾಡಲ್ ಮಾಡಿದೆ, ಮೂಲದ್ದಕ್ಕಿಂತ 0.7 ಮಿಲಿಮೀಟರ್ ಗಿಡ್ಡ. ಹನ್ನೆರಡನೇ ಫ್ರೆಟ್‌ನಲ್ಲಿ ಅದರ ಅರ್ಧ ಇಳಿಯುತ್ತದೆ. ಮಳೆಗಾಲಕ್ಕೆ ಅದು, ನವೆಂಬರ್ ನಂತರ ಮೂಲದ್ದು. ಬದಲಿಸಲು ತಂತಿ ಸಡಿಲಿಸಿ ಸ್ಯಾಡಲ್ ಎಳೆದರೆ ಸಾಕು. ಅಂಟು ಹಾಕಿಲ್ಲ. ಕರಾವಳಿಯಲ್ಲಿ ಗಟ್ಟಿ ಮರದ ಟಾಪ್ ಇರುವ ಗಿಟಾರಿಗೆ ಇದಕ್ಕಿಂತ ಅಗ್ಗದ, ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಗೋಡೆಯಿಂದ ಇಳಿಸಿ ಗಟ್ಟಿ ಕೇಸಿನಲ್ಲಿ ಇಡು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ಸಣ್ಣ ಹೈಗ್ರೋಮೀಟರ್ ಇರಲಿ ಅಂದೆ. ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು, ಇಲ್ಲದಿದ್ದರೆ ಸುಮ್ನೆ ತೂಕ ಅಷ್ಟೆ. 11ರ ತಂತಿ ಹಾಕಿದರೆ ಟಾಪಿನ ಮೇಲೆ ಎಳೆತ ಕಡಿಮೆ ಅಂತಲೂ ಹೇಳಿದೆ. ಅದಕ್ಕೆ ಮಾತ್ರ ಕೇಳಲಿಲ್ಲ. ಮೈಕ್ ಇಲ್ಲದ ಕಡೆ ಸದ್ದು ಸಾಲುವುದಿಲ್ಲವಂತೆ. ಅದೂ ಸರಿಯೇ. ನೊವೆನಾದ ಮೊದಲ ಎರಡು ಸಂಜೆ ಅವನು ಬೇರೆಯವರ ಗಿಟಾರಿನಲ್ಲಿ ಬಾರಿಸಿದ, ಮೂರನೆಯ ದಿನ ತನ್ನದನ್ನು ಒಯ್ದ.

ಸೆಪ್ಟೆಂಬರ್ ಕೊನೆಗೆ ನೋಡಲು ತಂದಾಗ ಕೇಸಿನೊಳಗೆ ತೇವ 68. ಗಿಡ್ಡ ಸ್ಯಾಡಲ್ ಮೇಲೆ ದಪ್ಪ ತಂತಿ 2.6. ರಿಲೀಫ್ ಕದಲಿರಲಿಲ್ಲ. ಫೆಬ್ರವರಿಯಲ್ಲಿ ಮೂಲ ಸ್ಯಾಡಲ್ ಅವನೇ ಹಾಕಿಕೊಂಡ. ರಿಲೀಫ್ ಸ್ವಲ್ಪ ಹೆಚ್ಚಿ 0.25 ಆಗಿತ್ತು, ತಿರುಗಿಸಲಾ ಅಂತ ವಾಟ್ಸಾಪ್‌ನಲ್ಲಿ ಕೇಳಿದ. ಬಾರಿಸಲು ತೊಂದರೆ ಇಲ್ಲದಿದ್ದರೆ ಬೇಡ ಅಂದೆ. 6 ಮಿಲಿಮೀಟರ್ ಕೀ ಅವನ ಕೇಸಿನಲ್ಲೇ ಇದೆ.

ಒಂದು ಸಂಗತಿ ಹಾಗೇ ಉಳಿದಿದೆ. ನೆಕ್ ಬಾಡಿಗೆ ಸೇರುವ ಹದಿನಾಲ್ಕನೇ ಫ್ರೆಟ್ ಹತ್ತಿರ ಫ್ರೆಟ್‌ಬೋರ್ಡ್ ಸಣ್ಣಗೆ ಉಬ್ಬಿದೆ. ರಾಡಿನ ಪ್ರಭಾವ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ, ತಿರುಗಿಸಿ ಸರಿಯಾಗುವಂಥದ್ದಲ್ಲ. ಅವನು ಅಷ್ಟು ಮೇಲೆ ಬಾರಿಸುವುದೂ ಇಲ್ಲ. ಮುಂದಿನ ಮಳೆಗಾಲದಲ್ಲಿ ಇನ್ನೂ ಎದ್ದರೆ ಆ ಭಾಗದ ಫ್ರೆಟ್‌ಗಳನ್ನು ತೀಡಿ ಮಟ್ಟ ಮಾಡಬೇಕು ಅಂತ ಬರೆದಿಟ್ಟಿದ್ದೇನೆ.